‘ಕ್ಲರ್ಕ್ಸ್’, ‘ಪಿಂಕ್ ಫ್ಲೆಮಿಂಗೋಸ್’: ಮೊದಲು ಯಾವುದನ್ನು ನೋಡಬೇಕು?

ಅಮೆರಿಕದ ಈ ಎರಡು ಒರಟು ಹಾಸ್ಯಚಿತ್ರಗಳಲ್ಲಿ ಯಾವುದರಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಖರ್ಚಿನ ಮಾತು ಬೇಡ, ಎರಡೂ ಚಿಲ್ಲರೆ ಕಾಸಿನಲ್ಲಿ ಮುಗಿದವು. ‘ಕ್ಲರ್ಕ್ಸ್’ಗೆ ತಗುಲಿದ್ದು ಸುಮಾರು 27,000 ಡಾಲರ್.

ಅಶ್ಲೀಲತೆಯ ಬಗೆ ಮಾತ್ರ ಪೂರ್ತಿ ಬೇರೆ. 1994ರ ‘ಕ್ಲರ್ಕ್ಸ್’ನಲ್ಲಿ ಅದು ನಾಲಿಗೆಯ ಮೇಲಿದೆ: ನ್ಯೂಜೆರ್ಸಿಯ ಅಂಗಡಿಯೊಂದರಲ್ಲಿ ಬೇಸತ್ತ ಹುಡುಗರು ಬಾಯಿಗೆ ಬಂದಂತೆ ಹರಟುತ್ತಾರೆ. 1972ರ ‘ಪಿಂಕ್ ಫ್ಲೆಮಿಂಗೋಸ್’ನಲ್ಲಿ ಅದು ಕಣ್ಣೆದುರೇ ನಡೆಯುತ್ತದೆ, ಕೊನೆಯಲ್ಲಿ ನಟ ಡಿವೈನ್ ನಾಯಿಯ ಮಲವನ್ನು ನಿಜವಾಗಿಯೇ ತಿನ್ನುತ್ತಾರೆ. ಹೇಸಿಗೆ ಬೇಗ ಆಗುವವರು ಇದನ್ನು ಊಟದ ಹೊತ್ತಿಗೆ ಹಾಕಬಾರದು.

ವಿಮರ್ಶಕರನ್ನು ನಂಬುವವರಿಗೆ ‘ಕ್ಲರ್ಕ್ಸ್’ ಹಿತ. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂದಿತ್ತು. ‘ಪಿಂಕ್ ಫ್ಲೆಮಿಂಗೋಸ್’ 1997ರಲ್ಲಿ ಮರುಬಿಡುಗಡೆಯಾದಾಗ ಅಮೆರಿಕದ ಚಿತ್ರವಿಮರ್ಶಕ ರೋಜರ್ ಈಬರ್ಟ್ ಅದಕ್ಕೆ ನಕ್ಷತ್ರಗಳನ್ನೇ ಕೊಡಲು ಒಪ್ಪಲಿಲ್ಲ. ಆದರೆ ಮಧ್ಯರಾತ್ರಿಯ ಪ್ರದರ್ಶನಗಳಲ್ಲಿ ಅದನ್ನು ಬೆಳೆಸಿದವರು ಅಭಿಮಾನಿಗಳು, ಮತ್ತು ಅವರ ಅಭಿರುಚಿಯನ್ನು ನಾನು ಗೌರವಿಸುತ್ತೇನೆ: ಸಭ್ಯತೆಯ ಹೆಸರಿನಲ್ಲಿ ಸಮಾಜ ಹೊರಗಿಟ್ಟವರಿಗೆ ಆ ಚಿತ್ರದಲ್ಲಿ ಜಾಗವಿತ್ತು. ಕಾಪಾಡಿ ಉಳಿಸಬೇಕೆಂದು ಆರಿಸಿದ ಚಿತ್ರಗಳ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಕ್ಕೆ ಎರಡೂ ಸೇರಿವೆ, 2019ರಲ್ಲಿ ‘ಕ್ಲರ್ಕ್ಸ್’, 2021ರಲ್ಲಿ ಇನ್ನೊಂದು.

ಒಬ್ಬರೇ ಕುಳಿತು ಸಂಭಾಷಣೆ ಸವಿಯುವುದಾದರೆ ‘ಕ್ಲರ್ಕ್ಸ್’. ಗಟ್ಟಿ ಹೊಟ್ಟೆಯ ಗೆಳೆಯರ ಗುಂಪು ಸೇರಿದ್ದರೆ ‘ಪಿಂಕ್ ಫ್ಲೆಮಿಂಗೋಸ್’. ಮನೆಯ ಹಿರಿಯರ ಜೊತೆಗಾದರೆ ಎರಡೂ ಬೇಡ.