ಪಚ್ಚೆ-ವಜ್ರದ ಉಂಗುರ: ಪ್ಲಾಟಿನಂ ತಲೆಯೋ, ಬಿಳಿ ಚಿನ್ನದ್ದೋ, ಬೆಳ್ಳಿಯದ್ದೋ?

ಮೂರು ಉಂಗುರಕ್ಕೂ ಅಳತೆ ಒಂದೇ. ನಡುವೆ 7×5 ಮಿ.ಮೀ. ಎಂಟು ಮೂಲೆಯ ಪಚ್ಚೆ, ಆಚೀಚೆ 1.3 ಮಿ.ಮೀ.ನ ಐದೈದು ವಜ್ರ. ಬೆರಳನ್ನು ಸುತ್ತುವ ಬಳೆಯೂ ಮೂರರಲ್ಲೂ 18 ಕ್ಯಾರಟ್ ಹಳದಿ ಚಿನ್ನ. ಹರಳು ಕೂರುವ ತಲೆ ಮಾತ್ರ ಬೇರೆ: ಒಂದಕ್ಕೆ 950 ಪ್ಲಾಟಿನಂ (ಸಾವಿರ ಪಾಲಿನಲ್ಲಿ 950 ಪಾಲು ಶುದ್ಧ), ಒಂದಕ್ಕೆ ರೋಡಿಯಂ ಎಂಬ ಬೆಳ್ಳನೆ ಲೋಹದ ಲೇಪವಿರುವ ಬಿಳಿ ಚಿನ್ನ, ಇನ್ನೊಂದಕ್ಕೆ 925 ಬೆಳ್ಳಿ. ಹೊಸದರಲ್ಲಿ ಅಂಗಡಿ ದೀಪದ ಕೆಳಗೆ ಮೂರನ್ನೂ ಸಾಲಾಗಿ ಇಟ್ಟರೆ ಪಳಗಿದ ಕಣ್ಣಿಗಷ್ಟೇ ವ್ಯತ್ಯಾಸ ಕಾಣುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆಯ ಒಂದು ಮಳೆಗಾಲ ಕೈಯಲ್ಲಿದ್ದರೆ ಯಾರಿಗಾದರೂ ಕಾಣುತ್ತದೆ.

ಹಾಸನ, ಚಿಕ್ಕಮಗಳೂರಲ್ಲಿ ಚಿನ್ನ ಅಂದರೆ 916, ಅಂದರೆ 22 ಕ್ಯಾರಟ್, ಎಂದೇ ರೂಢಿ. ಹರಳಿನ ಉಂಗುರಕ್ಕೆ ಅದು ಮೆತು. ಹರಳು ಹಿಡಿದ ಉಗುರು ಬಟ್ಟೆಗೆ ಸಿಕ್ಕಿ ಬಾಗುತ್ತದೆ. ಅದಕ್ಕೇ 750 ಮುದ್ರೆಯ 18 ಕ್ಯಾರಟ್.

ಹೋಲಿಕೆಯ ಕೇಂದ್ರ ಪಚ್ಚೆಯೇ. ವಜ್ರ ಕಾವು, ಆಸಿಡ್, ಕಂಪನದಿಂದ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರ ಎಲ್ಲದಕ್ಕೂ ಸಾಮಾನ್ಯವಾಗಿ ಜಗ್ಗುವುದಿಲ್ಲ. ಪಚ್ಚೆಯ ಗಡಸುತನ ಮೋಸ್ ಮಾಪಕದಲ್ಲಿ 7.5ರಿಂದ 8. ಆದರೆ ಒಳಗೆಲ್ಲ ಕೂದಲೆಳೆಯ ಬಿರುಕು, ಆ ಬಿರುಕಿಗೆ ಸೀಡರ್ ಎಣ್ಣೆ ಅಥವಾ ರಾಳ ತುಂಬಿರುತ್ತಾರೆ. ಇದು ಮೋಸವಲ್ಲ, ವ್ಯಾಪಾರದಲ್ಲಿ ಹಳೆಯ ಪದ್ಧತಿ; ಬಿಲ್ಲಿನಲ್ಲಿ ಬರೆಸಿಕೊಂಡರೆ ಆಯಿತು. ತೊಂದರೆ ಎಂದರೆ ಆ ಎಣ್ಣೆ ಹೋದ ದಿನ ಹರಳು ಮಂಕಾಗಿ, ಅಲ್ಲಿಯವರೆಗೆ ಕಾಣದ ಬಿಳಿ ಗೆರೆಗಳು ಎದ್ದು ಬರುತ್ತವೆ. ಹಾಗಾಗಿ ತಲೆಯ ಲೋಹ ಆರಿಸುವಾಗ ಕೇಳಬೇಕಾದದ್ದು ಇಷ್ಟು: ಇದನ್ನು ಕಟ್ಟುವಾಗ, ತೊಳೆಯುವಾಗ, ರಿಪೇರಿ ಮಾಡುವಾಗ ಪಚ್ಚೆಯ ಮೇಲೆ ಏನು ಬೀಳುತ್ತದೆ?

ಬಿಳಿ ಚಿನ್ನ ಇಲ್ಲೇ ಸೋಲುತ್ತದೆ. ನಿಕಲ್ ಬೆರೆತ ಬಿಳಿ ಚಿನ್ನ ಗಡಸು. ಉಗುರನ್ನು ಒತ್ತಿದರೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಕೂರಿಸಲು ಹೆಚ್ಚು ಬಲ ಹಾಕಬೇಕು, ಆ ಬಲವೆಲ್ಲ ಪಚ್ಚೆಯ ಮೂಲೆಗೆ ಬೀಳುತ್ತದೆ. ಹತ್ತು ಪಟ್ಟು ಲೆನ್ಸ್ ಹಿಡಿದು ಉಗುರಿನ ಪಕ್ಕದ ಅಂಚು ನೋಡಿ. ಸಕ್ಕರೆ ಕಣದಷ್ಟು ಚೂರು ಎದ್ದಿದ್ದರೆ ಕಟ್ಟುವಾಗಲೇ ಒಡೆದದ್ದು ಇರಬಹುದು.

ಅದಕ್ಕಿಂತ ದೊಡ್ಡದು ರೋಡಿಯಂ ಲೇಪದ ಪ್ರಶ್ನೆ. ದಿನಾ ಹಾಕಿದರೆ ಒಂದೆರಡು ವರ್ಷದಲ್ಲಿ ಲೇಪ ಸವೆದು ಒಳಗಿನ ನಸುಹಳದಿ ಇಣುಕುತ್ತದೆ, ಮತ್ತೆ ಲೇಪಿಸಬೇಕು. ಒಂದೇ ಬಣ್ಣದ ಉಂಗುರವಾದರೆ ಪೂರ್ತಿ ಅದ್ದಿ ತೆಗೆಯುತ್ತಾರೆ. ಎರಡು ಬಣ್ಣದ್ದಕ್ಕೆ ಹಾಗಾಗದು. ಹಳದಿ ಬಳೆಗೆ ಮೊದಲು ನೇಲ್ ಪಾಲಿಶಿನಂಥ ಲ್ಯಾಕರ್ ಬಳಿದು ಮುಚ್ಚಿ, ಕ್ಷಾರದಲ್ಲಿ ಜಿಡ್ಡು ತೆಗೆದು, ಆಮ್ಲದ ದ್ರಾವಣದಲ್ಲಿ ಲೇಪಿಸಿ, ಕೊನೆಗೆ ಲ್ಯಾಕರನ್ನು ಅಸಿಟೋನಿನಲ್ಲಿ ತೊಳೆಯುತ್ತಾರೆ. ಪಚ್ಚೆಯ ಎಣ್ಣೆಯನ್ನು ಕರಗಿಸುವುದೂ ಇದೇ ಅಸಿಟೋನ್! ಹರಳು ಬಿಚ್ಚದೆ ಲೇಪ ಹಾಕಿಸಿದರೆ ಲೋಹ ಫಳಫಳ ಹೊಳೆಯುತ್ತದೆ, ಪಚ್ಚೆ ಸತ್ತಂತಾಗುತ್ತದೆ. ಬಿಚ್ಚಿಸಿದರೆ ಗಡಸು ಉಗುರನ್ನು ಮತ್ತೆ ಬಗ್ಗಿಸಬೇಕು. ಬಿಳಿ ಚಿನ್ನವೇ ಬೇಕೆಂದರೆ ಪಲ್ಲಾಡಿಯಂ ಬೆರೆತದ್ದು ಕೇಳಿ, ಲೇಪ ಬೇಡವೆನ್ನಿ. ಬಣ್ಣ ತುಸು ಬೂದು, ಆದರೆ ಈ ಕಾಟವಿಲ್ಲ. ನಿಕಲ್ ಅಲರ್ಜಿ ಇರುವವರಿಗೂ ಅದೇ ಸರಿ.

ಬೆಳ್ಳಿ ತಲೆ ನೋಡಲು ಚೆಂದ. ಹಳೆ ಕಾಲದ ರೋಸ್ ಕಟ್ (ಅಡಿ ಚಪ್ಪಟೆ, ಮೇಲೆ ಗುಮ್ಮಟ) ವಜ್ರಕ್ಕೆ ಅದರಷ್ಟು ಒಪ್ಪುವ ಲೋಹ ಬೇರೆ ಇಲ್ಲ. ಮೆತು ಲೋಹ, ಕಟ್ಟುವಾಗ ಪಚ್ಚೆಗೆ ಹಿತ. ಆದರೆ ತೇವ ತುಂಬಿದ ಗಾಳಿಯಲ್ಲಿ ಬೇಗ ಕಪ್ಪಿಡುತ್ತದೆ, ಅದೂ ಬಟ್ಟೆ ತಲುಪದ ವಜ್ರಗಳ ಸಂದಿಯಲ್ಲಿ. ಬೆಳ್ಳಿ ತೊಳೆಯುವ ದ್ರಾವಣವಾಗಲಿ, ಬಿಸಿನೀರು-ಸೋಡಾ ಉಪಾಯವಾಗಲಿ ಪಚ್ಚೆ ಇರುವಾಗ ಬೇಡ. ಬೆಳ್ಳಿಯಷ್ಟು ಚೆನ್ನಾಗಿ ಕಾವು ಹರಿಸುವ ಲೋಹ ಇನ್ನೊಂದಿಲ್ಲ. ರಿಪೇರಿಗೆ ತಲೆಯ ಅಂಚಿಗೆ ಊದುಕೊಳವಿ ಹಿಡಿದರೂ ಕ್ಷಣದಲ್ಲಿ ಹರಳಿಗೆ ಬಿಸಿ ಮುಟ್ಟುತ್ತದೆ. ಉಗುರುಗಳು ಬೇಗ ಸವೆಯುತ್ತವೆ ಕೂಡ. ಮದುವೆ, ಹಬ್ಬಕ್ಕೆ ಹಾಕಿ ತೆಗೆದಿಡುವವರಿಗೆ ಸರಿ.

ಪ್ಲಾಟಿನಂ ಒತ್ತಿದಲ್ಲೇ ನಿಲ್ಲುತ್ತದೆ, ಹಿಂದಕ್ಕೆ ಚಿಮ್ಮುವುದಿಲ್ಲ. ಕಪ್ಪಿಡದು, ಲೇಪ ಬೇಡ. ಗೀರು ಬಿದ್ದರೂ ಲೋಹ ಉದುರುವುದು ಕಡಿಮೆ, ಪಕ್ಕಕ್ಕೆ ಸರಿದು ಮಸುಕಾದ ಮೆರುಗು ಬರುತ್ತದೆ. ಕೊರತೆ ಎರಡು. ಒಂದು ತೂಕ: ಅದೇ ಅಳತೆಯ 18 ಕ್ಯಾರಟ್ ಹಳದಿ ಚಿನ್ನಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು, ಬೆಳ್ಳಿಯ ಎರಡರಷ್ಟು. ಬಳೆ ತೆಳುವಾದರೆ ತಲೆ ಅಂಗೈ ಕಡೆಗೆ ತಿರುಗಿ, ಪಾತ್ರೆಗೋ ಗೇಟಿಗೋ ಪಚ್ಚೆ ಬಡಿಯುತ್ತದೆ. ಬಳೆಯ ಕೆಳಭಾಗ ಕನಿಷ್ಠ 2.5 ಮಿ.ಮೀ. ಅಗಲ, 1.6 ಮಿ.ಮೀ. ದಪ್ಪ ಇರಲಿ. ಬೆರಳಿನ ಅಳತೆಯನ್ನು ಚಳಿಯ ಬೆಳಗ್ಗೆ ಕೊಡಬೇಡಿ. ಮಧ್ಯಾಹ್ನದ ಮೇಲೆ ಕೊಡಿ. ಇನ್ನೊಂದು ರಿಪೇರಿ: ಶುದ್ಧ ಪ್ಲಾಟಿನಂ ಕರಗುವುದು 1768 ಡಿಗ್ರಿಗೆ, ಚಿನ್ನ 1064ಕ್ಕೆ. ಮಾಮೂಲಿ ಊದುಕೊಳವಿಯ ಕೆಲಸವಲ್ಲ. ಲೇಸರ್ ವೆಲ್ಡರ್ ಇರುವ ಕಡೆಯೇ ಕೊಡಬೇಕು. ಊರಿನ ಅಕ್ಕಸಾಲಿಗರ ಬಳಿ ಅದಿಲ್ಲದಿದ್ದರೆ ಬೆಂಗಳೂರಿಗೆ ಕಳಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ದಿನಾ ಹಾಕುವವರಿಗೆ ನಮ್ಮ ಆಯ್ಕೆ ಪ್ಲಾಟಿನಂ ತಲೆಯೇ, ಒಂದು ತಿದ್ದುಪಡಿಯೊಂದಿಗೆ: ಪಚ್ಚೆಗೆ ಹಳದಿ ಚಿನ್ನದ ಪಟ್ಟಿ ಕಟ್ಟು, ವಜ್ರಗಳಿಗೆ ಮಾತ್ರ ಪ್ಲಾಟಿನಂ. ಅಂಚು ಪೂರ್ತಿ ಮುಚ್ಚುವುದರಿಂದ ಪೆಟ್ಟು ತಡೆಯುತ್ತದೆ, ಜಾಂಬಿಯಾದ ಪಚ್ಚೆಯಾದರೆ ಅದರ ನೀಲಿಮಿಶ್ರಿತ ಹಸಿರು ಹಳದಿಯ ನಡುವೆ ತುಂಬಿಕೊಂಡು ಕಾಣುತ್ತದೆ.

ತೂಕ ಹಾಕಿಸುವಾಗ ಹರಳು ಕಳೆಯಿರಿ. ಪಚ್ಚೆ 0.85, ವಜ್ರ 0.10, ಒಟ್ಟು 0.95 ಕ್ಯಾರಟ್ (ಇಲ್ಲಿ ಕ್ಯಾರಟ್ ಹರಳಿನ ತೂಕ, ಚಿನ್ನದ ಶುದ್ಧತೆಯಲ್ಲ) ಎಂದರೆ 0.19 ಗ್ರಾಂ. ಅಷ್ಟಕ್ಕೆ ಲೋಹದ ಬೆಲೆ ಕೊಡಬೇಕಿಲ್ಲ. ಚಿನ್ನ, ಪ್ಲಾಟಿನಂ ತೂಕ ಬೇರೆ ಬೇರೆ ಬರೆಸಿ. ಚಿನ್ನದ ಭಾಗದ ಆರಕ್ಷರದ ಹಾಲ್‌ಮಾರ್ಕ್ ಗುರುತಾದ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಿ.

ತೊಳೆಯಲು ಉಗುರುಬೆಚ್ಚಗಿನ ನೀರು, ಒಂದು ಹನಿ ಮೆದು ಸೋಪು, ಮಕ್ಕಳ ಬ್ರಷ್ಷು, ಒಂದು ನಿಮಿಷ ಸಾಕು. ಅಂಟುವಾಳದ ನೀರಲ್ಲಿ ಕುದಿಸುವ ಅಭ್ಯಾಸ ಬರೀ ಚಿನ್ನಕ್ಕೆ ಸರಿ, ಪಚ್ಚೆಗೆ ಬೇಡ. ತೋಟಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಕಲಸುವಾಗ ತೆಗೆದಿಡಿ. ಸುಣ್ಣದ ಕಣ ಉಗುರಿನಡಿ ಸೇರಿದರೆ ಬಿಡಿಸುವುದು ಕಷ್ಟ. ತಿಂಗಳಿಗೊಮ್ಮೆ ಹತ್ತಿಯ ದಾರವನ್ನು ಉಗುರುಗಳ ಮೇಲೆ ಎಳೆದು ನೋಡಿ. ದಾರ ಸಿಕ್ಕಿಕೊಂಡರೆ, ಅಥವಾ ಕಿವಿಯ ಹತ್ತಿರ ಅಲ್ಲಾಡಿಸಿದಾಗ ಟಿಕ್ ಎಂದರೆ, ಅವತ್ತೇ ಬೆರಳಿಂದ ತೆಗೆಯಿರಿ.