ಕೈ ಬದಲಾದ ಕ್ರೀಕ್ ಬಾಟಲಿಯನ್ನು ಊರಿಗೆ ಒಯ್ಯಬೇಡಿ

ಬೆಲ್ಜಿಯಂ, ನೆದರ್ಲೆಂಡ್ಸ್ ಕಡೆ ಇರುವ ಕನ್ನಡದವರು ಬೇಸಿಗೆಯಲ್ಲಿ ಊರಿಗೆ ಹೊರಡುವಾಗ ಸೂಟ್‌ಕೇಸಿನಲ್ಲಿ ಚಾಕೊಲೇಟ್ ಜೊತೆಗೆ ಒಂದೆರಡು ಬಾಟಲಿ ಬಿಯರ್ ಇಟ್ಟುಕೊಳ್ಳುವುದುಂಟು. ನಿಮ್ಮ ಬಳಿ ಇರುವುದು ಪೀಪಾಯಿಯಲ್ಲಿ ಹಣ್ಣು ಹಾಕಿ ಮಾಗಿಸಿದ, ಕೆಲವೇ ನೂರು ಬಾಟಲಿ ಬಿಡುಗಡೆಯಾದ, ಕ್ರೀಕ್‌ನಂಥ ಹುಳಿ ಬಿಯರ್ ಆಗಿದ್ದರೆ, ಅದನ್ನು ನೀವು ತಯಾರಕರಿಂದಲ್ಲದೆ ಬೇರೆ ಯಾರದೋ ಕೈಯಿಂದ ಕೊಂಡಿದ್ದರೆ, ದಯವಿಟ್ಟು ಇದನ್ನು ಓದಿ. ಕಳೆದ ವರ್ಷ ಮೇ ತಿಂಗಳಲ್ಲಿ ಅಂಥದ್ದೊಂದು ಬಾಟಲಿ ಬೆಂಗಳೂರಿನ ವಿಜಯನಗರದಲ್ಲಿರುವ ನನ್ನ ಅಣ್ಣನ ಮನೆಯಲ್ಲಿ ನಡುರಾತ್ರಿ ಸಿಡಿಯಿತು. ಅಣ್ಣನ ಅಂಗಾಲಿಗೆ ಮೂರು ಹೊಲಿಗೆ ಹಾಕಬೇಕಾಯಿತು. ಬಾಟಲಿ ತಂದವನು ನಾನು.

ನಾನು ಬೆಲ್ಜಿಯಂನ ಲ್ಯೂವನ್‌ನಲ್ಲಿ ನೆಲೆಸಿ ಆರು ವರ್ಷವಾಯಿತು. ಬಿಯರ್ ಎಂದರೆ ಕಹಿ ನೀರು ಎಂದುಕೊಂಡಿದ್ದ ನನ್ನ ಅಭಿಪ್ರಾಯ ಬದಲಿಸಿದ್ದು ಕ್ರೀಕ್. ಬ್ರಸೆಲ್ಸ್ ನಗರ, ಅದರ ನೈಋತ್ಯಕ್ಕಿರುವ ಸೆನ್ನೆ ನದಿಯ ಕಣಿವೆ ಮತ್ತು ಪಯೊಟೆನ್‌ಲಾಂಡ್‌ನ ಹಳ್ಳಿಗಳಲ್ಲಿ ಲ್ಯಾಂಬಿಕ್ ಎಂಬ ಬಿಯರ್ ಮಾಡುತ್ತಾರೆ. ಬಾರ್ಲಿ ಮಾಲ್ಟ್‌ಗೆ ಮೊಳಕೆ ಬರಿಸದ ಗೋಧಿ ಸೇರಿಸಿ, ಹಾಪ್ಸ್ ಎಂಬ ಕಹಿ ಹೂವಿನ ಹಳೆಯ ದಾಸ್ತಾನು ಹಾಕಿ ಕುದಿಸಿದ ರಸವನ್ನು ಅಗಲವಾದ, ಆಳವಿಲ್ಲದ ಲೋಹದ ತೊಟ್ಟಿಗೆ ಸುರಿದು ರಾತ್ರಿಯಿಡೀ ಹಾಗೆಯೇ ತೆರೆದಿಡುತ್ತಾರೆ. ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ, ಹಳೆಯ ಮರದಲ್ಲಿ ಇರುವುದೇ ಬಂದು ಸೇರಿಕೊಳ್ಳಬೇಕು. ರಾತ್ರಿ ಸಾಕಷ್ಟು ತಣ್ಣಗಿರಬೇಕಾದ್ದರಿಂದ ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ಈ ಕೆಲಸ. ಆಮೇಲೆ ಓಕ್ ಪೀಪಾಯಿಗಳಲ್ಲಿ ಒಂದರಿಂದ ಮೂರು ವರ್ಷ ಮಾಗಿಸುತ್ತಾರೆ. ಆ ಪೀಪಾಯಿಗೆ ಹುಳಿ ಚೆರ್ರಿ ಹಣ್ಣು ಸುರಿದು ಕೆಲವು ತಿಂಗಳು ಬಿಟ್ಟರೆ ಸಿಗುವುದೇ ಕ್ರೀಕ್.

ಆ ಚೆರ್ರಿಯಲ್ಲೂ ಸ್ಕಾರ್ಬೇಕ್ ಚೆರ್ರಿಗೆ ವಿಶೇಷ ಮರ್ಯಾದೆ. ಸ್ಕಾರ್ಬೇಕ್ ಈಗ ಬ್ರಸೆಲ್ಸ್‌ನ ಒಳಗೇ ಇರುವ, ಕಿಕ್ಕಿರಿದ ಒಂದು ಭಾಗ. ಒಂದು ಕಾಲದಲ್ಲಿ ಅಲ್ಲಿನ ರೈತರು ಈ ಹಣ್ಣನ್ನು ಕತ್ತೆಗಳ ಬೆನ್ನ ಮೇಲೆ ಹೇರಿ ನಗರದ ಸಂತೆಗೆ ತರುತ್ತಿದ್ದರು. ಅದಕ್ಕೇ ಆ ಊರಿಗೆ ಇಂದಿಗೂ ಕತ್ತೆಗಳ ಊರು ಎಂಬ ಅಡ್ಡಹೆಸರಿದೆ. ತೋಟಗಳು ಹೋಗಿ ಮನೆಗಳು ಬಂದವು. ಹಣ್ಣು ಈಗ ಸುತ್ತಲಿನ ಹಳ್ಳಿಗಳ ಹಿತ್ತಲುಗಳಲ್ಲಿ ಅಷ್ಟಿಷ್ಟು ಸಿಗುತ್ತದೆ. ಸಾಮಾನ್ಯ ಕ್ರೀಕ್‌ಗೆ ಹೊರದೇಶದ ಚೆರ್ರಿಯನ್ನೂ ಬಳಸುತ್ತಾರೆ. ನಿಜವಾದ ಸ್ಕಾರ್ಬೇಕ್ ಹಣ್ಣಿನದು ಹೊರಬಂದಾಗ ಬಾಟಲಿಗಳು ಕಡಿಮೆ, ಬೇಕೆನ್ನುವವರು ಬಹಳ. ನನ್ನ ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಒಂದು ಸಣ್ಣ ತಯಾರಕರು ಅಂಥ ಕ್ರೀಕ್ ಬಿಡುಗಡೆ ಮಾಡಿದ ಶನಿವಾರ ನಾನು ಹೋದಾಗ ಬೆಳಗ್ಗೆ ಒಂಬತ್ತೂವರೆ. ತಲೆಗೆ ಎರಡೇ ಬಾಟಲಿ ಎಂಬ ನಿಯಮವಿತ್ತು, ಬೆಲೆ 16 ಯೂರೋ. ಸಾಲಿನಲ್ಲಿ ನನ್ನ ಮುಂದೆ ಹತ್ತು ಹನ್ನೆರಡು ಜನ ಇರುವಾಗಲೇ ಮುಗಿಯಿತು ಎಂದರು. ಅಷ್ಟಕ್ಕೆ ಸುಮ್ಮನಾಗಿದ್ದರೆ ಈ ಬರಹವೇ ಬೇಕಿರಲಿಲ್ಲ. ಆದರೆ ಮೇ ತಿಂಗಳಲ್ಲಿ ಅಣ್ಣನ ಐವತ್ತನೇ ಹುಟ್ಟುಹಬ್ಬವಿತ್ತು. ಊರಿನ ನೇರಳೆ ಹಣ್ಣು, ಮುರುಗಲು ಎಂದರೆ ಪ್ರಾಣ ಬಿಡುವ ಅವನಿಗೆ ಈ ಹುಳಿ ಕುಡಿಸಲೇಬೇಕು ಎಂದು ನಾನು ಹಟ ಹಿಡಿದಿದ್ದೆ. ಹಳೆಯ ಸಾಮಾನು ಮಾರುವ ಜಾಲತಾಣದಲ್ಲಿ ಹುಡುಕಿದೆ. ಒಬ್ಬ ಮನುಷ್ಯ ಅದೇ ತಯಾರಕರ ಹಿಂದಿನ ಬಿಡುಗಡೆಯ ಎರಡು ಬಾಟಲಿಗಳನ್ನು ತಲಾ 90 ಯೂರೋಗೆ ಇಟ್ಟಿದ್ದ. "ನೆಲಮಾಳಿಗೆಯಲ್ಲಿ ಇಟ್ಟದ್ದು" ಎಂದು ಬರೆದಿದ್ದ.

ರೈಲು ನಿಲ್ದಾಣದ ಬಳಿ ಬಂದು ಕೊಟ್ಟ. ಅವನ ಕಾರಿನ ಹಿಂಭಾಗದಲ್ಲಿ ಬೇರೆ ಬೇರೆ ತಯಾರಕರ ಇಪ್ಪತ್ತು ಮೂವತ್ತು ಬಾಟಲಿಗಳು ರಟ್ಟಿನ ಪೆಟ್ಟಿಗೆಯಲ್ಲಿ ನಿಂತಿದ್ದವು. ಕೈಗೆ ತೆಗೆದುಕೊಂಡಾಗ ಒಂದು ಬಾಟಲಿಯ ಕತ್ತು ಬೆರಳಿಗೆ ಅಂಟಿತು. ತಗಡಿನ ಮುಚ್ಚಳದ ಅಂಚಿನಲ್ಲಿ ಕಂದುಗೆಂಪು ಬಣ್ಣದ ಒಣಗಿದ ಕಲೆ, ಅದರ ಪಕ್ಕದಲ್ಲಿ ಸ್ವಲ್ಪ ತುಕ್ಕು. ಬೆಳಕಿಗೆ ಹಿಡಿದಾಗ ಆ ಬಾಟಲಿಯಲ್ಲಿ ಬಿಯರ್ ಇನ್ನೊಂದಕ್ಕಿಂತ ಬೆರಳಗಲ ಕೆಳಗಿತ್ತು. ಕೇಳಿದೆ. ಇವು ಹೀಗೇ ಇರುತ್ತವೆ, ಕೈಯಲ್ಲಿ ತುಂಬಿದ ಬಾಟಲಿಗಳಲ್ಲವೇ ಎಂದ. ನಾನು ನಂಬಿದೆ. ಆ ಕಲೆ ಹೇಳುತ್ತಿದ್ದದ್ದು ಒಂದೇ ವಿಷಯ: ಒಳಗಿನ ಒತ್ತಡ ಒಮ್ಮೆ ಬಿರಡೆಯನ್ನು ಸರಿಸಿ ಹೊರಗೆ ಬಂದಿದೆ, ಅಂದರೆ ಈ ಬಾಟಲಿ ಎಲ್ಲೋ ಚೆನ್ನಾಗಿ ಕಾದಿದೆ. ಅದನ್ನು ಓದಲು ಆಗ ನನಗೆ ತಿಳಿದಿರಲಿಲ್ಲ.

ಭಾರತಕ್ಕೆ ಒಬ್ಬ ಪ್ರಯಾಣಿಕ ಸುಂಕವಿಲ್ಲದೆ ಎರಡು ಲೀಟರ್‌ವರೆಗೆ ಮದ್ಯ ತರಬಹುದು. ಮುಕ್ಕಾಲು ಲೀಟರಿನ ಎರಡು ಬಾಟಲಿ ನಿಯಮದೊಳಗೇ ಇತ್ತು. ಪಂಚೆ, ಟವೆಲ್ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟೆ. ಕೆಂಪೇಗೌಡ ನಿಲ್ದಾಣದಲ್ಲಿ ತೆರೆದು ನೋಡಿದಾಗ ಎರಡೂ ಸುರಕ್ಷಿತವಾಗಿದ್ದವು. ಅಣ್ಣನ ಮನೆಯ ಫ್ರಿಜ್‌ನಲ್ಲಿ ಹಬ್ಬದ ಸಾಮಾನು ತುಂಬಿತ್ತು. ಮಕ್ಕಳ ಕೈಗೆ ಸಿಗಬಾರದೆಂದು ಅಡುಗೆಮನೆಯ ಅಟ್ಟದ ಮೇಲೆ ಇಟ್ಟೆ. ಕೆಳಗೆ ಒಲೆ, ಮೇಲೆ ತಾರಸಿಯ ಬಿಸಿಲು. ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿರಲಿಲ್ಲ.

ಮೂರನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಸಿಲಿಂಡರ್ ಸಿಡಿದಂಥ ಸದ್ದು. ಎಲ್ಲರಿಗೂ ಮೊದಲು ಹೊಳೆದದ್ದು ಗ್ಯಾಸ್. ಅಣ್ಣ ರೆಗ್ಯುಲೇಟರ್ ಮುಚ್ಚಲೆಂದು ಕತ್ತಲಲ್ಲೇ ಬರಿಗಾಲಿನಲ್ಲಿ ಓಡಿದ. ನಾನು ದೀಪ ಹಾಕುವಷ್ಟರಲ್ಲಿ ಅವನು ಗಾಜಿನ ಮೇಲೆ ನಿಂತಿದ್ದ. ಗೋಡೆಯುದ್ದಕ್ಕೂ ಕೆಂಪು ಇಳಿಯುತ್ತಿತ್ತು, ನೆಲದ ಮೇಲೂ ಕೆಂಪು. ಯಾವುದು ಹಣ್ಣಿನ ರಸ, ಯಾವುದು ಅವನ ರಕ್ತ ಎಂದು ತಿಳಿಯದೆ ಅತ್ತಿಗೆ ಬಾಗಿಲಲ್ಲೇ ಕುಸಿದು ಕುಳಿತರು. ಆ ಬಾಟಲಿಗಳ ಗಾಜು ಷಾಂಪೇನ್ ಬಾಟಲಿಯಷ್ಟೇ ದಪ್ಪ. ಅದರ ತಳದ ಒಂದು ಚೂರು ಎದುರಿನ ಗೋಡೆಯ ಕ್ಯಾಲೆಂಡರನ್ನು ಹರಿದು ಒಳಗೆ ಸಿಕ್ಕಿಕೊಂಡಿತ್ತು. ಹಗಲು ಅಡುಗೆ ನಡೆಯುವ ಹೊತ್ತಿನಲ್ಲಿ ಅದು ಒಡೆದಿದ್ದರೆ ಎಂದು ನೆನೆಯಲು ಈಗಲೂ ಆಗುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅತ್ತಿಗೆ ತೆರೆದಿದ್ದ ಅಕ್ಕಿ ಡಬ್ಬವನ್ನೂ ಬೇಳೆಯನ್ನೂ ಹೊರಗೆ ಹಾಕಿದರು. ಜರಡಿ ಹಿಡಿದರೂ ಗಾಜಿನ ಪುಡಿಯನ್ನು ನಂಬಲಾಗದು. ಅವರು ಮಾಡಿದ್ದೇ ಸರಿ. ಬೈಯಲಿಲ್ಲ. ಅವರು ಹೇಳಿದ್ದು ಇಷ್ಟು: "ಬೇಸಿಗೆಯಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಗೇ ನಾವು ಬಿಗಿಯಾಗಿ ಮುಚ್ಚಳ ಹಾಕುವುದಿಲ್ಲ ಕಣಪ್ಪಾ. ಜೀವ ಇರುವುದನ್ನು ನೀನು ಬಿರಡೆ ಜಡಿದು ಅಟ್ಟದ ಮೇಲೆ ಇಟ್ಟೆಯಲ್ಲ."

ಆರು ವರ್ಷದಿಂದ ಪೀಪಾಯಿಗಳ ನಡುವೆ ಓಡಾಡಿ ನಾನು ತಿಳಿಯದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು. ಈ ಬಿಯರ್ ಬಾಟಲಿಯೊಳಗೂ ಹುದುಗುತ್ತಿರುತ್ತದೆ. ಬಾಟಲಿಗೆ ತುಂಬುವಾಗ ಹಣ್ಣಿನಲ್ಲಿ ಮಾಗಿದ ಬಿಯರ್‌ಗೆ ಎಳೆಯ ಲ್ಯಾಂಬಿಕ್ ಸೇರಿಸುತ್ತಾರೆ. ಅದರಲ್ಲಿ ಉಳಿದ ಸಕ್ಕರೆಯೇ ಒಳಗೆ ನೊರೆಯಾಗಬೇಕು. ಬ್ರಸೆಲ್ಸ್‌ನ ಹೆಸರನ್ನೇ ಹೊತ್ತ ಬ್ರೆಟ್ಟನೊಮೈಸಿಸ್ ಬ್ರಕ್ಸೆಲೆನ್ಸಿಸ್ ಎಂಬ ಯೀಸ್ಟ್, ಸಾಮಾನ್ಯ ಬಿಯರ್ ಯೀಸ್ಟ್‌ಗೆ ಅರಗದ ಸಕ್ಕರೆಗಳನ್ನೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿನ್ನುತ್ತದೆ. 12ರಿಂದ 15 ಡಿಗ್ರಿಯ ಕತ್ತಲೆ ಮಾಳಿಗೆಯಲ್ಲಿ ಅದು ನಿಧಾನ. ಬಿಸಿ ಹೆಚ್ಚಿದರೆ ಅದರ ವೇಗವೂ ಹೆಚ್ಚುತ್ತದೆ, ಬಿಯರ್‌ನಲ್ಲಿ ಕರಗಿದ ಅನಿಲವೂ ಹೊರಬಂದು ಗಾಜನ್ನು ಒತ್ತುತ್ತದೆ. ಪೆಟ್ಟು ತಿಂದು ಬಿರುಕು ಹಿಡಿದ ಬಾಟಲಿಯಾದರೆ ಅಲ್ಲಿಗೆ ಮುಗಿಯಿತು.

ಪಳಗಿದವರಿಗೂ ಈ ಕಷ್ಟ ತಪ್ಪಿಲ್ಲ. ಬೇರ್ಸೆಲ್ ಊರಿನ ಡ್ರೀ ಫೊಂಟೇನೆನ್ ಲ್ಯಾಂಬಿಕ್ ಲೋಕದ ದೊಡ್ಡ ಹೆಸರು. 2009ರಲ್ಲಿ ಅವರ ದಾಸ್ತಾನು ಕೋಣೆಯ ಉಷ್ಣತೆ ನಿಯಂತ್ರಿಸುವ ಸಾಧನ ಕೆಟ್ಟು ಕೋಣೆ ವಿಪರೀತ ಕಾದು ಸಾವಿರಾರು ಬಾಟಲಿಗಳು ಒಡೆದವು. ಒಡೆಯದೆ ಉಳಿದವೂ ಬಿಯರ್ ಆಗಿ ಮಾರುವಂತಿರಲಿಲ್ಲ. ಕೊನೆಗೆ ಅವನ್ನು ಬಟ್ಟಿ ಇಳಿಸಿದರು. ಇದು ಇಲ್ಲಿ ಎಲ್ಲರಿಗೂ ತಿಳಿದ ಕತೆ. ನಾನೂ ಗೈಡ್ ಬಾಯಿಂದ ಎರಡು ಸಲ ಕೇಳಿದ್ದೆ. ಆದರೂ ನನ್ನ ಕೈಯಲ್ಲಿರುವ ಬಾಟಲಿಗೂ ಆ ಕತೆಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ.

ಎರಡನೆಯ ಬಾಟಲಿ ಇನ್ನೂ ಅಟ್ಟದ ಮೇಲೇ ಇತ್ತು, ಅದನ್ನು ಕೆಳಗಿಳಿಸುವುದೇ ದೊಡ್ಡ ಕೆಲಸವಾಯಿತು. ನಿಮಗೂ ಅಂಥ ಪರಿಸ್ಥಿತಿ ಬಂದರೆ ಬರಿಗೈಯಲ್ಲಿ ಮುಟ್ಟಬೇಡಿ. ನಾನು ಅಣ್ಣನ ಹೆಲ್ಮೆಟ್ ಹಾಕಿಕೊಂಡು, ದಪ್ಪ ಕಂಬಳಿಯಲ್ಲಿ ಬಾಟಲಿಯನ್ನು ಪೂರ್ತಿ ಸುತ್ತಿ, ಅಲುಗಿಸದೆ ತಂದು ಮುಚ್ಚಳವಿರುವ ಸ್ಟೀಲ್ ಕೊಳಗದೊಳಗೆ ಇಟ್ಟು, ಫ್ರಿಜ್‌ನ ಕೆಳ ಅರೆಯನ್ನು ಖಾಲಿ ಮಾಡಿ ಅದರಲ್ಲಿ ಸೇರಿಸಿದೆ. ಒಂದೂವರೆ ದಿನ ತಣ್ಣಗಾದ ಮೇಲೆ ತಾರಸಿಗೆ ಒಯ್ದು, ಕಂಬಳಿಯ ಒಳಗೇ ಬಿರಡೆಯನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಅಷ್ಟು ಎಚ್ಚರಿಕೆ ವಹಿಸಿದರೂ ಮೂರರಲ್ಲಿ ಎರಡು ಪಾಲು ಬುಗ್ಗೆಯಾಗಿ ಹೋಯಿತು. ಉಳಿದದ್ದನ್ನು ಲೋಟಕ್ಕೆ ಹಾಕಿ ಮೂಸಿದೆ. ಒಳ್ಳೆಯ ಕ್ರೀಕ್‌ನಲ್ಲಿ ಹಣ್ಣಿನ ಹುಳಿ, ಬೀಜದ ಬಾದಾಮಿಯಂಥ ಘಮ, ಹಳೆಯ ಮರ, ಕೊನೆಯಲ್ಲಿ ಒಂದಿಷ್ಟು ಕೊಟ್ಟಿಗೆಯ ನೆನಪು ಇರುತ್ತದೆ. ಇದರಲ್ಲಿ ಇದ್ದದ್ದು ವಿನೆಗರ್ ಮತ್ತು ಉಗುರು ಬಣ್ಣದ ವಾಸನೆ. ಬಣ್ಣವೂ ಇಟ್ಟಿಗೆಯಂತೆ ಕಂದಿತ್ತು. ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಣ್ಣ ಒಂದು ಗುಟುಕು ಕುಡಿದು, ನನ್ನ ಮುಖ ನೋಡಿ, "ಪರವಾಗಿಲ್ಲ ಬಿಡು, ಹುಳಿ ಇದೆ" ಎಂದ. ಅವನ ಆ ಮಾತು ನನಗೆ ಹಣ ಹೋದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಲ್ಯೂವನ್‌ಗೆ ಮರಳಿದ ಮೇಲೆ ಮಾರಿದವನಿಗೆ ಚಿತ್ರಗಳ ಸಮೇತ ಬರೆದೆ. ಎರಡು ಬೇಸಿಗೆ ಗ್ಯಾರೇಜಿನಲ್ಲಿ ಇದ್ದವು, ಮಾಳಿಗೆಗೆ ಸಾಗಿಸಿದ್ದು ಆಮೇಲೆ ಎಂದು ಒಂದು ಸಾಲು ಉತ್ತರ ಬಂತು. ಮರುದಿನ ನನ್ನ ಸಂದೇಶ ಅವನಿಗೆ ತಲುಪದಂತೆ ಮಾಡಿಕೊಂಡಿದ್ದ. ತಯಾರಕರಿಗೂ ಬರೆದೆ. ಅವರು ಅಣ್ಣನ ಆರೋಗ್ಯ ವಿಚಾರಿಸಿದರು, ಆದರೆ ಕೈಯಿಂದ ಕೈಗೆ ಹೋದ ಬಾಟಲಿಗೆ ತಾವು ಹೊಣೆಯಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೂರೆಂಬತ್ತು ಯೂರೋ ಹೋಯಿತು, ರಸೀದಿ ಇರಲಿಲ್ಲ, ದೂರು ಕೊಡಲು ಏನೂ ಇರಲಿಲ್ಲ.

ಹಾಗಾಗಿ ಕೊಳ್ಳುವುದಾದರೆ ತಯಾರಕರ ಬಾಗಿಲಲ್ಲಿ ಅಥವಾ ದಾಸ್ತಾನಿನ ಜಾಗ ತೋರಿಸುವ ಅಂಗಡಿಯಲ್ಲಿ ಕೊಳ್ಳಿ. ಲೇಬಲ್ ಮೇಲೆ ಡಚ್‌ನಲ್ಲಿ 'ಔಡೆ' ಅಥವಾ ಫ್ರೆಂಚ್‌ನಲ್ಲಿ 'ವಿಯೆಯ್', ಅಂದರೆ 'ಹಳೆಯ', ಎಂಬ ಪದ ಇದೆಯೇ ನೋಡಿ. ಔಡೆ ಕ್ರೀಕ್‌ಗೆ ಐರೋಪ್ಯ ಒಕ್ಕೂಟದ ರಕ್ಷಣೆ ಇದೆ, ಆ ಪದವಿಲ್ಲದ ಎಷ್ಟೋ ಬಾಟಲಿಗಳು ಸಿಹಿ ಬೆರೆಸಿದ ಬೇರೆಯೇ ಪಾನೀಯ. ಬಾಟಲಿಗೆ ತುಂಬಿದ ದಿನಾಂಕ ಕೇಳಿ. ಕತ್ತು ಅಂಟಿದರೆ, ಮಟ್ಟ ಇಳಿದಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ, ಅದು ಎಷ್ಟೇ ಅಪರೂಪದ್ದಾಗಿರಲಿ. ಊರಿಗೆ ಒಯ್ಯಲೇಬೇಕಿದ್ದರೆ ಡಿಸೆಂಬರ್, ಜನವರಿಯಲ್ಲಿ ಒಯ್ಯಿರಿ, ಮನೆ ತಲುಪಿದ ಗಳಿಗೆಯಲ್ಲೇ ಫ್ರಿಜ್‌ಗೆ ಸೇರಿಸಿ. ನಾನಂತೂ ಮೇ ತಿಂಗಳಲ್ಲಿ ಇನ್ನೆಂದೂ ಒಯ್ಯುವುದಿಲ್ಲ.

ಇಷ್ಟು ದಿನ ಬರೆಯದೆ ಈಗ ಬರೆಯಲು ಕಾರಣವಿದೆ. ಕಳೆದ ಭಾನುವಾರ ಅದೇ ಜಾಲತಾಣದಲ್ಲಿ ಅದೇ ಮನುಷ್ಯನ ಹೊಸ ಜಾಹೀರಾತು ನೋಡಿದೆ. ಆರು ಬಾಟಲಿ, ತಲಾ 110 ಯೂರೋ, "ನೆಲಮಾಳಿಗೆಯಲ್ಲಿ ಇಟ್ಟದ್ದು". ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಎಡಗಡೆಯ ಎರಡು ಬಾಟಲಿಗಳ ಮುಚ್ಚಳದ ಕೆಳಗೆ ಅದೇ ಕಂದುಗೆಂಪು ಕಲೆ ಇದೆ.