ಸೋನಿ ಎ7 ತ್ರೀ, ಟ್ಯಾಮ್ರಾನ್ 28-75, ಲೈಟ್‌ರೂಮ್ ಕ್ಲಾಸಿಕ್: ದುಡ್ಡಿಗೆ ಫೋಟೋ ತೆಗೆಯೋಕೆ ಇಳಿದೋರಿಗೆ ಎಷ್ಟು ಸರಿ ಹೋಗತ್ತೆ

ಶೋಕಿಗೆ ಫೋಟೋ ತೆಗೀತಿದ್ದೋರು ದುಡ್ಡಿಗೆ ತೆಗೆಯೋಕೆ ಇಳಿದಾಗ ಎಲ್ರೂ ನೋಡೋದು ಮೆಗಾಪಿಕ್ಸೆಲ್ ಎಷ್ಟು, 8ಕೆ ವಿಡಿಯೋ ಬರತ್ತಾ ಅಂತ. ನಾನು ಮೊದಲು ನೋಡೋದು ಮೆಮೊರಿ ಕಾರ್ಡ್ ಸ್ಲಾಟ್ ಒಂದಾ ಎರಡಾ ಅನ್ನೋದನ್ನ. ಶೋಕಿಯಲ್ಲಿ ಕಾರ್ಡ್ ಕೈಕೊಟ್ರೆ ಬೇಜಾರಾಗತ್ತೆ, ಅಷ್ಟೇ. ಬೇರೆಯವರ ಮದುವೆಯಲ್ಲಿ ಕೈಕೊಟ್ರೆ ಅವರಿಗೆ ಏನು ಅಂತ ಮುಖ ತೋರಿಸ್ತೀರಾ? ಹಾಗಾಗಿ ಈ ರಿವ್ಯೂನಲ್ಲಿ ನಾನು ತೂಗಿ ನೋಡಿರೋದು ಎರಡೇ ವಿಷಯ, ಕೆಲಸ ಎಲ್ಲಿ ಕೆಡಬಹುದು ಮತ್ತೆ ಶೂಟ್ ಮುಗಿದ ಮೇಲೆ ಕಂಪ್ಯೂಟರ್ ಮುಂದೆ ಎಷ್ಟು ಹೊತ್ತು ಕೂರಬೇಕಾಗತ್ತೆ.

ಸೋನಿ ಎ7 ತ್ರೀ ಕ್ಯಾಮೆರಾ 2018ರ ಮಾಡೆಲ್, ಹಳೇದೇ. ಆದ್ರೂ ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೇದು ಸಿಕ್ರೆ ಕಣ್ಣು ಮುಚ್ಕೊಂಡು ತಗೋಬಹುದು ಅಂತೀನಿ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ (ಹಳೇ 35 ಎಂಎಂ ಫಿಲ್ಮ್ ಅಳತೆಯ ಸೆನ್ಸರ್), ಸೆಕೆಂಡಿಗೆ 10 ಫೋಟೋ, ಬಾಡಿಯಲ್ಲೇ (ಲೆನ್ಸ್ ಬಿಟ್ಟು ಕ್ಯಾಮೆರಾ ಭಾಗದಲ್ಲೇ) ಕೈ ನಡುಕ ತಡೆಯೋ ಸ್ಟೆಬಿಲೈಸೇಶನ್, ಎರಡು ಎಸ್‌ಡಿ ಸ್ಲಾಟ್. ಅದೇ ವರ್ಷ ಬಂದ ಕ್ಯಾನನ್ ಇಒಎಸ್ ಆರ್, ನಿಕಾನ್ ಝಡ್6 ಎರಡರಲ್ಲೂ ಒಂದೊಂದೇ ಸ್ಲಾಟ್ ಇತ್ತು, ಎರಡನೇ ಸ್ಲಾಟ್ ಬಂದಿದ್ದು 2020ರಲ್ಲಿ ಆರ್6 ಮತ್ತೆ ಝಡ್6 ಟೂ ಬಂದಾಗ. ಬ್ಯಾಟರಿ ಎ7 ತ್ರೀಯ ದೊಡ್ಡ ಬಲ. ಸ್ಟ್ಯಾಂಡರ್ಡ್ ಟೆಸ್ಟ್ ಲೆಕ್ಕದಲ್ಲಿ ಸ್ಕ್ರೀನ್ ನೋಡಿ ತೆಗೆದ್ರೆ ಸುಮಾರು 710 ಫೋಟೋ ಅಂತಾರೆ, ಇವೆಂಟ್‌ನಲ್ಲಿ ಬರ್ಸ್ಟ್ ಹೊಡೆಯೋರಿಗೆ ಇನ್ನೂ ಜಾಸ್ತೀನೇ ಬರತ್ತೆ.

ಈಗ ಬೈಗುಳ. ಎರಡು ಸ್ಲಾಟ್‌ನಲ್ಲಿ ಒಂದು ಮಾತ್ರ ಯುಎಚ್‌ಎಸ್ 2 ಅನ್ನೋ ವೇಗದ ಕಾರ್ಡಿಗೆ, ಇನ್ನೊಂದು ನಿಧಾನದ್ದು. ಎರಡಕ್ಕೂ ರಾ (ಸೆನ್ಸರ್ ಕಂಡಿದ್ದನ್ನ ಹಾಗೇ ಇಡೋ, ಎಡಿಟ್ ಮಾಡೋಕೆ ಅಂತ ಇರೋ ಫೈಲ್) ಬರೆಯೋಕೆ ಹಾಕಿದ್ರೆ ನಿಧಾನದ ಕಾರ್ಡ್ ಮುಗಿಸೋವರೆಗೂ ಬಫರ್, ಅಂದ್ರೆ ಕಾರ್ಡಿಗೆ ಹೋಗೋ ಮುಂಚೆ ಫೋಟೋ ನಿಲ್ಲೋ ಜಾಗ, ಖಾಲಿ ಆಗಲ್ಲ, ನೀವು ಇನ್ನೊಂದು ಕಾರ್ಡಿಗೆ ಎಷ್ಟೇ ದುಡ್ಡು ಸುರಿದಿದ್ರೂ ಅಷ್ಟೇ. ವೇಗವಾಗಿ ನಡೆಯೋ ಕೆಲಸ ಇದ್ರೆ ಒಂದಕ್ಕೆ ರಾ, ಇನ್ನೊಂದಕ್ಕೆ ಜೆಪೆಗ್ ಹಾಕ್ಕೊಳ್ಳಿ. ರಾ ಫೈಲ್‌ನಲ್ಲೂ ಮಧ್ಯದ ದಾರಿ ಕೊಟ್ಟಿಲ್ಲ, ಅನ್‌ಕಂಪ್ರೆಸ್ಡ್ ಅಂದ್ರೆ ಒಂದೊಂದು ಫೈಲ್ 47 ಎಂಬಿ ಹತ್ರ, ಕಂಪ್ರೆಸ್ಡ್ ಅಂದ್ರೆ ಅದರ ಅರ್ಧ, ಆದ್ರೆ ಅದರಲ್ಲಿ ಸ್ವಲ್ಪ ಡೇಟಾ ಹೋಗತ್ತೆ. ಸಾಮಾನ್ಯ ಕೆಲಸಕ್ಕೆ ಕಂಪ್ರೆಸ್ಡ್ ಸಾಕು. ಟಚ್‌ಸ್ಕ್ರೀನ್ ಫೋಕಸ್ ಪಾಯಿಂಟ್‌ಗೆ ಮಾತ್ರ, ಮೆನು ಮುಟ್ಟಿದ್ರೆ ಅಲ್ಲಾಡಲ್ಲ. ಆ ಮೆನುನೋ, ಅಯ್ಯೋ, ಪುಟದ ಮೇಲೆ ಪುಟ! ಮೈ ಮೆನುಗೆ ಬೇಕಾದ ನಾಲ್ಕು ಐಟಂ ಹಾಕ್ಕೊಂಡು ಉಳಿದಿದ್ದನ್ನ ಮರೆತುಬಿಡಿ.

ಸೈಲೆಂಟ್ ಶಟರ್ (ಸದ್ದೇ ಇಲ್ಲದೆ ಸೆನ್ಸರ್‌ನಿಂದಲೇ ಫೋಟೋ ತೆಗೆಯೋದು) ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಹೊಸಬರು ಇದನ್ನ ನೋಡಿ ಖುಷಿಪಟ್ಟು ಸ್ಟೇಜ್ ಕಾರ್ಯಕ್ರಮಕ್ಕೆ ಹೋಗ್ತಾರೆ. ಈ ಸೆನ್ಸರ್ ಫೋಟೋನ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದತ್ತೆ, ಅಷ್ಟರಲ್ಲಿ ಎಲ್‌ಇಡಿ ಲೈಟು ಕಣ್ಣಿಗೆ ಕಾಣದ ಹಾಗೆ ಎಷ್ಟೋ ಸಲ ಮಿನುಗಿರತ್ತೆ, ಕೊನೆಗೆ ಫೋಟೋ ತುಂಬಾ ಅಡ್ಡಡ್ಡ ಕಪ್ಪು ಪಟ್ಟಿ. ಭಾಷಣ ಮಾಡ್ತಿರೋರ ಹಣೆ ಮೇಲೊಂದು ಪಟ್ಟಿ, ಗಲ್ಲದ ಮೇಲೊಂದು ಪಟ್ಟಿ, ಎರಡರ ಮಧ್ಯ ಬಣ್ಣಾನೂ ಬೇರೆ. ಇದನ್ನ ಎಡಿಟಿಂಗ್‌ನಲ್ಲಿ ಪೂರ್ತಿ ಸರಿ ಮಾಡೋದು ಆಗದ ಮಾತು. ಅಂಥ ಬೆಳಕಿದ್ರೆ ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ಆಂಟಿ ಫ್ಲಿಕರ್ ಆನ್ ಮಾಡಿ, ಟಕ್ ಟಕ್ ಸದ್ದಿಗೆ ಯಾರಾದ್ರೂ ತಿರುಗಿ ನೋಡಿದ್ರೆ ನೋಡ್ಲಿ.

ಕ್ಯಾನನ್ ಆರ್6 ಕೈಯಲ್ಲಿ ಹಿಡಿಯೋಕೆ ಇದಕ್ಕಿಂತ ಹಿತ, ಓಡಾಡೋ ಜನರ ಮೇಲೆ ಫೋಕಸ್ ಕೂಡ ಚೆನ್ನಾಗಿ ಅಂಟ್ಕೊಳ್ಳತ್ತೆ. ನಿಮ್ಮತ್ರ ಆಗ್ಲೇ ಕ್ಯಾನನ್‌ನ ಹಳೇ ಇಎಫ್ ಲೆನ್ಸ್‌ಗಳಿದ್ರೆ ಅಡಾಪ್ಟರ್ ಹಾಕ್ಕೊಂಡು ಅಲ್ಲೇ ಇರಿ, ಸುಮ್ನೆ ಎಲ್ಲ ಮಾರಿ ಸೋನಿಗೆ ಬರೋದು ಬೇಡ. ಸೊನ್ನೆಯಿಂದ ಶುರು ಮಾಡೋರಿಗೆ ಮಾತ್ರ ಸೋನಿ ಅಂತೀನಿ, ಕಾರಣ ಬಾಡಿ ಅಲ್ಲ, ಲೆನ್ಸ್. ಬೇರೆ ಕಂಪನಿಗಳು ಸೋನಿಯ ಮೌಂಟ್‌ಗೆ (ಬಾಡಿಯಲ್ಲಿ ಲೆನ್ಸ್ ಕೂರೋ ಜಾಗ) ಮಾಡಿರೋಷ್ಟು ಫುಲ್ ಫ್ರೇಮ್ ಆಟೋಫೋಕಸ್ ಲೆನ್ಸ್ ಕ್ಯಾನನ್‌ನ ಆರ್‌ಎಫ್ ಮೌಂಟ್‌ಗೆ ಇಲ್ಲ.

ಅದಕ್ಕೆ ಸಾಕ್ಷಿ ಟ್ಯಾಮ್ರಾನ್ ಕಂಪನಿಯ 28-75 ಎಂಎಂ ಎಫ್ 2.8 ಝೂಮ್ ಲೆನ್ಸ್. ಮೊದಲ ಆವೃತ್ತಿ 550 ಗ್ರಾಂ, ಸೋನಿಯ ಮೇಲ್ದರ್ಜೆ ಲೆನ್ಸ್ ಸಾಲಿನ ಮೊದಲ 24-70 ಜಿಎಂ 886 ಗ್ರಾಂ. ಬೆಳಗ್ಗೆ ಗೊತ್ತಾಗಲ್ಲ, ಸಾಯಂಕಾಲ ಮಣಿಕಟ್ಟು ಹೇಳತ್ತೆ. ಮಧ್ಯದ ಶಾರ್ಪ್‌ನೆಸ್ ಎಫ್ 2.8ರಲ್ಲೇ ಬಿಂದಾಸಾಗಿದೆ. ಕೊರತೆ ಏನಂದ್ರೆ 24ರ ಬದಲು 28ರಿಂದ ಶುರುವಾಗಿ ಬಿಟ್ಟುಹೋದ ಆ 4 ಎಂಎಂ. ಓದೋಕೆ ಏನೂ ಅಲ್ಲ ಅನ್ಸತ್ತೆ, ಆದ್ರೆ 24ರಲ್ಲಿ 84 ಡಿಗ್ರಿ ಕಂಡ್ರೆ 28ರಲ್ಲಿ 75 ಡಿಗ್ರಿ ಮಾತ್ರ. ಸಣ್ಣ ರೂಮಲ್ಲಿ ಗ್ರೂಪ್ ಫೋಟೋ ತೆಗೆಯುವಾಗ ಬೆನ್ನು ಗೋಡೆಗೆ ತಾಗಿದ್ರೂ ಕೊನೇಲಿ ನಿಂತೋರ ಭುಜ ಹೊರಗೇ ಇರತ್ತೆ. ಲೆನ್ಸ್ ಮೇಲೆ ಆಟೋ-ಮ್ಯಾನ್ಯುಯಲ್ ಸ್ವಿಚ್ ಕೂಡ ಇಲ್ಲ, ಬಾಡಿಯಲ್ಲೇ ಒಂದು ಬಟನ್‌ಗೆ ಸೆಟ್ ಮಾಡ್ಕೋಬೇಕು. ಪೋರ್ಟ್ರೇಟ್‌ಗೆ ಸೋನಿ 85 ಎಫ್ 1.8 ಜೊತೆಗಿಟ್ಕೊಳ್ಳಿ, 371 ಗ್ರಾಂ, ಬೇರೆ ಮಾತೇ ಬೇಡ. 70-200 ಈಗಲೇ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಎರಡನೇ ಬಾಡಿನೂ ಹಾಗೇ, ದೊಡ್ಡ ಕೆಲಸ ಇದ್ದ ದಿನ ಬಾಡಿಗೆಗೆ ತರೋದು, ಆದ್ರೆ ಒಂದೇ ಬಾಡಿ ಹಿಡ್ಕೊಂಡು ಮದುವೆಗೆ ಹೋಗೋ ಧೈರ್ಯ ಮಾತ್ರ ಮಾಡಬೇಡಿ.

ಫ್ಲ್ಯಾಶ್‌ಗೆ ಗೊಡಾಕ್ಸ್ ವಿ1. ಲಿಥಿಯಂ ಬ್ಯಾಟರಿ, ಬೇಗ ರೀಚಾರ್ಜ್ ಆಗತ್ತೆ, ರೇಡಿಯೋ ಒಳಗೇ ಇದೆ, ಮುಂದೆ ಅದೇ ಕಂಪನಿಯ ಇನ್ನೊಂದು ಲೈಟ್ ತಗೊಂಡ್ರೆ ಇದರಿಂದಲೇ ಹೊತ್ತಿಸಬಹುದು. ಅದರ ಬ್ಯಾಟರಿ ಅದಕ್ಕೇ ಆಗೋದು, ಮಾಮೂಲಿ ಸೆಲ್ ಹಾಕೋಕೆ ಆಗಲ್ಲ, ಅದಕ್ಕೆ ಸ್ಪೇರ್ ಒಂದು ಬ್ಯಾಗಲ್ಲಿ ಇರ್ಲೇಬೇಕು.

ಸಾಫ್ಟ್‌ವೇರ್ ವಿಷಯಕ್ಕೆ ಬಂದ್ರೆ ಜನ ಬಣ್ಣದ ಬಗ್ಗೆ ಜಗಳ ಆಡ್ತಾರೆ, ನಿಜವಾದ ಟೈಮ್ ಹೋಗೋದು ಮಾತ್ರ ಸಾವಿರ ಫೋಟೋದಲ್ಲಿ ಯಾವುದು ಇಟ್ಕೊಳ್ಳೋದು ಯಾವುದು ಬಿಡೋದು ಅನ್ನೋದ್ರಲ್ಲಿ. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ಗೆ ಫೋಟೋ ಇಂಪೋರ್ಟ್ ಮಾಡುವಾಗ ಎಂಬೆಡೆಡ್ ಪ್ರೀವ್ಯೂ ಆಯ್ಕೆ ಮಾಡ್ಕೊಂಡ್ರೆ ಕ್ಯಾಮೆರಾನೇ ಮಾಡಿಟ್ಟಿರೋ ಜೆಪೆಗ್ ತೋರಿಸತ್ತೆ, ಪುಟ ಪುಟ ಅಂತ ಮುಂದೆ ಹೋಗಬಹುದು. ಒಂದು ಫೋಟೋಗೆ ಮಾಡಿದ ಎಡಿಟ್ ಅದೇ ಬೆಳಕಿನ ಉಳಿದ ಫೋಟೋಗಳಿಗೆ ಸಿಂಕ್ ಮಾಡೋದು, 2021ರಲ್ಲಿ ಬಂದ ಸಬ್ಜೆಕ್ಟ್ ಮಾಸ್ಕ್ (ಫೋಟೋದಲ್ಲಿರೋ ಮುಖ್ಯ ವ್ಯಕ್ತಿಯನ್ನ ತಾನೇ ಆರಿಸೋದು), 2023ರ ಎಐ ಡಿನಾಯ್ಸ್ (ಕತ್ತಲಲ್ಲಿ ಬರೋ ಕಾಳು ಕಾಳು ತೆಗೆಯೋದು), ಇವು ಸೇರಿದ್ರೆ ಕೆಲಸ ಸುಮಾರು ಕಮ್ಮಿ ಆಗತ್ತೆ. ಆದ್ರೆ ಡಿನಾಯ್ಸ್‌ಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು, ಇಲ್ಲಾಂದ್ರೆ ಒಂದೊಂದು ಫೋಟೋಗೂ ಕಾಯ್ತಾ ಕೂರಬೇಕು.

ಕ್ಯಾಟಲಾಗ್ ಅನ್ನೋದು ಹೊಸಬರಿಗೆ ತಲೆಗೆ ಹೋಗಲ್ಲ. ಕ್ಯಾಟಲಾಗ್‌ನಲ್ಲಿ ನಿಮ್ಮ ಒರಿಜಿನಲ್ ರಾ ಫೈಲ್ ಇರಲ್ಲ, ಫೋಟೋ ಎಲ್ಲಿದೆ, ಏನು ಎಡಿಟ್ ಮಾಡಿದೀರಿ ಅನ್ನೋ ಲೆಕ್ಕ ಇರತ್ತೆ ಅಷ್ಟೇ. ಮುಚ್ಚುವಾಗ ಅದು ಕೇಳೋ ಬ್ಯಾಕಪ್ ಕೂಡ ಆ ಲೆಕ್ಕದ್ದೇ, ಫೋಟೋದ್ದಲ್ಲ. ರಾ ಫೈಲ್‌ಗಳನ್ನ ಬೇರೆ ಎರಡು ಡ್ರೈವ್‌ಗೆ ನೀವೇ ಕಾಪಿ ಮಾಡ್ಬೇಕು, ಒಂದನ್ನ ಬೇರೆ ಜಾಗದಲ್ಲಿ ಇಡ್ಬೇಕು.

ಲೈಟ್‌ರೂಮ್‌ಗೆ ತಿಂಗಳ ಬಾಡಿಗೆ ಕಟ್ಟೋದು ನನಗೂ ಇಷ್ಟ ಇಲ್ಲ. ಚಂದಾ ನಿಂತ ಮೇಲೆ ಫೋಟೋ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಎಡಿಟ್ ಮಾಡೋ ಡೆವಲಪ್ ಭಾಗ ಮಾತ್ರ ಲಾಕ್. ಬೇರೆ ಸಾಫ್ಟ್‌ವೇರ್‌ಗೆ ಹೋದ್ರೆ ಸ್ಟಾರ್, ಕೀವರ್ಡ್ ಜೊತೆಗೆ ಬರತ್ತೆ, ಬಣ್ಣದ ಕೆಲಸ ಬಹುಪಾಲು ಬರಲ್ಲ. ಹಾಗಾಗಿ ಮೊದಲೇ ಯೋಚನೆ ಮಾಡಿ ಒಂದರಲ್ಲಿ ನೆಲೆ ನಿಲ್ಲಿ. ಕ್ಯಾಪ್ಚರ್ ಒನ್ ಸ್ಟುಡಿಯೋದೋರಿಗೆ, ಪ್ರಾಡಕ್ಟ್ ಶೂಟ್ ಮಾಡೋರಿಗೆ. ಕೇಬಲ್ ಹಾಕಿ ಶೂಟ್ ಮಾಡುವಾಗ ಕ್ಲೈಂಟ್ ಪಕ್ಕದಲ್ಲೇ ನಿಂತು ದೊಡ್ಡ ಸ್ಕ್ರೀನಲ್ಲಿ ನೋಡ್ತಾರಲ್ಲ, ಅಲ್ಲಿ ಇದನ್ನ ಮೀರಿಸೋದು ಕಷ್ಟ, ಚರ್ಮದ ಬಣ್ಣ ತಿದ್ದೋ ಟೂಲ್ ಕೂಡ ಲೈಟ್‌ರೂಮ್‌ಗಿಂತ ನಾಜೂಕು. ಡಾರ್ಕ್‌ಟೇಬಲ್ ಪೂರ್ತಿ ಫ್ರೀ, ಶಕ್ತಿನೂ ಇದೆ, ಕಲಿಯೋಕೆ ಪುರುಸೊತ್ತು ಇರೋರಿಗೆ ಹಬ್ಬ. ನಾಳೆ ಆಲ್ಬಮ್ ಕೊಡಬೇಕು ಅಂತ ಇರೋರಿಗೆ ಅದರ ಮಾಡ್ಯೂಲ್ ಪಟ್ಟಿ ನೋಡಿದ್ರೇ ಸುಸ್ತು.

ಮಾನಿಟರ್ ಬ್ರೈಟ್‌ನೆಸ್ ಫುಲ್ ಇಟ್ಟು ಎಡಿಟ್ ಮಾಡಿದ್ರೆ ಪ್ರಿಂಟ್ ಕಪ್ಪಾಗೇ ಬರೋದು, ಪ್ರಿಂಟ್ ಹಾಕಿದೋರನ್ನ ಬೈದು ಪ್ರಯೋಜನ ಇಲ್ಲ. ಒಂದು ಕ್ಯಾಲಿಬ್ರೇಟರ್ (ಸ್ಕ್ರೀನಿನ ಬಣ್ಣ, ಬೆಳಕು ಅಳೆದು ಸರಿ ಮಾಡೋ ಸಾಧನ) ತಗೊಂಡು ಬ್ರೈಟ್‌ನೆಸ್ 100ರಿಂದ 120 ನಿಟ್ಸ್‌ಗೆ ಇಳಿಸಿ.

ಸೆಕೆಂಡ್ ಹ್ಯಾಂಡ್ ಎ7 ತ್ರೀ ನೋಡೋಕೆ ಹೋದಾಗ ಶಟರ್ ಕೌಂಟ್ (ಶಟರ್ ಇಲ್ಲೀವರೆಗೆ ಎಷ್ಟು ಸಲ ಹೊಡೆದಿದೆ ಅನ್ನೋ ಲೆಕ್ಕ) ಕೇಳಿ, ಸೋನಿ ಇದನ್ನ 2 ಲಕ್ಷದವರೆಗೆ ಟೆಸ್ಟ್ ಮಾಡಿದೀವಿ ಅನ್ನತ್ತೆ. ಆಮೇಲೆ ಎಫ್ 16ಕ್ಕೆ ಇಟ್ಟು ಖಾಲಿ ಆಕಾಶದ್ದೊಂದು, ಲೆನ್ಸ್ ಕ್ಯಾಪ್ ಮುಚ್ಚಿ ಒಂದು ಫೋಟೋ ತೆಗೆದು 100 ಪರ್ಸೆಂಟ್ ಝೂಮ್ ಮಾಡಿ ನೋಡಿ. ಮೊದಲನೇದ್ರಲ್ಲಿ ಮಸುಕು ಚುಕ್ಕಿ ಕಂಡ್ರೆ ಸಾಮಾನ್ಯವಾಗಿ ಧೂಳು, ಕ್ಲೀನ್ ಮಾಡಿದ್ರೆ ಹೋಗತ್ತೆ. ಎರಡರಲ್ಲೂ ಒಂದೇ ಜಾಗದಲ್ಲಿ ಬಣ್ಣದ ಗೆರೆ ಕಂಡ್ರೆ ಯಾವುದೋ ಡಿಜೆ ಲೇಸರ್ ಸೆನ್ಸರ್ ಸುಟ್ಟಿರೋ ಸಾಧ್ಯತೆ ಜಾಸ್ತಿ, ಚೌಕಾಸಿಗೂ ನಿಲ್ಲದೆ ವಾಪಸ್ ಬನ್ನಿ.